ಶೂಲಗಿರಿಯ ಕಲ್ಲು ಮತ್ತು ನನ್ನ ಅಯಸ್ಕಾಂತ

ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಹೊಸೂರಿಂದ ಕೃಷ್ಣಗಿರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಸಾಕು, ಎರಡೂ ಕಡೆ ಗುಡ್ಡ, ಬಂಡೆ, ಕ್ವಾರಿ, ಗ್ರಾನೈಟ್ ಹೊತ್ತ ಲಾರಿ. ಹೀಗಿರುವಾಗ ಶಾಲೆಗೆ ಒಬ್ಬ ಹುಡುಗ ಕಲ್ಲು ತಂದರೆ ಯಾವ ಮೇಷ್ಟ್ರು ತಾನೇ ತಲೆ ಕೆಡಿಸಿಕೊಳ್ಳುತ್ತಾರೆ? ನಾನೂ ಕೆಡಿಸಿಕೊಳ್ಳಲಿಲ್ಲ. ಆ ತಪ್ಪನ್ನು ಹೇಳಿಕೊಳ್ಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

2008ರ ಸೆಪ್ಟೆಂಬರ್ ತಿಂಗಳು. ಏಳನೇ ತರಗತಿಯ ಹುಡುಗನೊಬ್ಬ ಶೂಲಗಿರಿ ಕಡೆಯ ತನ್ನ ಅತ್ತೆ ಮನೆಗೆ ಹೋಗಿ ಬಂದವನು ಚೀಲದಿಂದ ಒಂದು ಕಲ್ಲು ತೆಗೆದು ಮೇಜಿನ ಮೇಲಿಟ್ಟ. ನಿಂಬೆಹಣ್ಣಿನ ಗಾತ್ರ. ಮೇಲೆಲ್ಲ ಕಪ್ಪು, ಒಂದು ಮೂಲೆ ಒಡೆದು ಒಳಗಿನ ಬೂದು ಬಣ್ಣ ಕಾಣುತ್ತಿತ್ತು.

"ಸಾರ್, ಇದು ಮ್ಯಾಲಿಂದ ಬಿತ್ತಂತೆ. ನಮ್ ಮಾವ ಸದ್ದು ಕೇಳವ್ರೆ."

"ಸದ್ದು ಕ್ವಾರಿದು ಕಣೋ" ಅಂದೆ. ಇಡೀ ಕ್ಲಾಸು ನಕ್ಕಿತು. ಆದರೂ ವಿಜ್ಞಾನದ ಮೇಷ್ಟ್ರಲ್ಲವೇ, ಪರೀಕ್ಷೆ ಮಾಡದೆ ಬಿಡಬಾರದು ಅಂತ ಬೀರುವಿನಿಂದ ಲಾಳಾಕಾರದ ಅಯಸ್ಕಾಂತ ತಂದು ಹಿಡಿದೆ. ಆಕಾಶದಿಂದ ಬೀಳುವ ಕಲ್ಲಿನಲ್ಲಿ ಕಬ್ಬಿಣ ಇರುತ್ತದೆ, ಅಯಸ್ಕಾಂತಕ್ಕೆ ಅಂಟುತ್ತದೆ ಎಂದು ಎಲ್ಲೋ ಓದಿದ್ದೆ. ಇದು ಅಂಟಲಿಲ್ಲ. "ನೋಡಿದಿರಾ? ಇದು ಯಾವುದೋ ಫ್ಯಾಕ್ಟರಿಯ ಕಿಟ್ಟ. ಬಿಸಾಕು ಹೋಗು" ಅಂದೆ. ಅವನು ಕಲ್ಲನ್ನು ಚೀಲಕ್ಕೆ ಹಾಕಿಕೊಂಡ. ಅವನ ಮುಖ ಸಪ್ಪಗಾಗಿತ್ತು. ನಾನು ಪಾಠಕ್ಕೆ ಮರಳಿದೆ... ಮರೆತೂಬಿಟ್ಟೆ.

ನೆನಪಾದದ್ದು 2016ರ ಫೆಬ್ರವರಿಯಲ್ಲಿ. ಕೃಷ್ಣಗಿರಿ ದಾಟಿ ಚೆನ್ನೈ ರಸ್ತೆಯಲ್ಲಿ ಸಿಗುವ ನಾಟ್ರಂಪಳ್ಳಿಯ ಕಾಲೇಜೊಂದರಲ್ಲಿ ಸ್ಫೋಟವಾಗಿ ಬಸ್ ಡ್ರೈವರ್ ಒಬ್ಬರು ತೀರಿಕೊಂಡರು. ಉಲ್ಕೆ ಬಿದ್ದು ಸತ್ತರು ಅಂತ ಪತ್ರಿಕೆಗಳಲ್ಲೆಲ್ಲ ಬಂತು. ಫೋಟೋ ನೋಡಿದ ನಾಸಾದವರು ಇದು ನೆಲದ ಮೇಲಿನ ಸ್ಫೋಟದ ಹಾಗಿದೆ ಎಂದರು. ಸ್ಟಾಫ್ ರೂಮಿನಲ್ಲಿ ಅದೇ ಚರ್ಚೆ. ಹಾಗಾದರೆ ನಮ್ಮ ಸೀಮೆಯಲ್ಲಿ ನಿಜವಾಗಿ ಉಲ್ಕೆ ಬಿದ್ದದ್ದು ಇದೆಯಾ ಅಂತ ಆ ರಾತ್ರಿ ಕಂಪ್ಯೂಟರಿನಲ್ಲಿ ಹುಡುಕಿದೆ. ಪ್ರಪಂಚದ ಉಲ್ಕಾಶಿಲೆಗಳ ಅಧಿಕೃತ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕಿತು. ಸುಲಗಿರಿ, ತಮಿಳುನಾಡು, ಬಿದ್ದದ್ದು 12 ಸೆಪ್ಟೆಂಬರ್ 2008, ಸುಮಾರು 110 ಕಿಲೋ, ಜಾತಿ ಎಲ್ಎಲ್6.

ನಮ್ಮ ಶೂಲಗಿರಿಯೇ! ಎದೆ ಧಸಕ್ಕೆಂದಿತು.

ಎಲ್ಎಲ್ ಅಂದರೇನು ಅಂತ ಓದುತ್ತಾ ಹೋದೆ. ಬೀಳುವ ಉಲ್ಕಾಶಿಲೆಗಳಲ್ಲಿ ಹೆಚ್ಚಿನವು ಮೂರು ಪಂಗಡದವು. ಎಚ್, ಎಲ್, ಎಲ್ಎಲ್. ಎಚ್ ಪಂಗಡದಲ್ಲಿ ಕಬ್ಬಿಣ ಜಾಸ್ತಿ, ಅಯಸ್ಕಾಂತ ಗಪ್ಪನೆ ಹಿಡಿಯುತ್ತದೆ. ಎಲ್‌ನಲ್ಲಿ ಕಡಿಮೆ. ಎಲ್ಎಲ್‌ನಲ್ಲಿ ಲೋಹ ತೀರಾ ಕಡಿಮೆ, ಸಣ್ಣ ಅಯಸ್ಕಾಂತಕ್ಕೆ ಅಂಟಿಯೂ ಅಂಟದ ಹಾಗೆ ಇರುತ್ತದೆ. 6 ಎಂದರೆ ತನ್ನ ಮೂಲ ಕ್ಷುದ್ರಗ್ರಹದ ಒಳಗೇ ಚೆನ್ನಾಗಿ ಬೆಂದ ಕಲ್ಲು. ಮೇಲಿನ ಕಪ್ಪು ಸಿಪ್ಪೆ ಗಾಳಿಯಲ್ಲಿ ಉರಿದು ಬರುವಾಗ ಕರಗಿ ಗಟ್ಟಿಯಾದದ್ದು. ಒಳಗೆ ಮಾತ್ರ ಬೂದು ಬಣ್ಣ.

ಅಂದರೆ ನಾನು ಯಾವುದನ್ನು ನೋಡಿ "ಅಲ್ಲ" ಎಂದಿದ್ದೆನೋ ಅದೇ "ಹೌದು" ಎನ್ನುವ ಗುರುತಾಗಿರಬಹುದಿತ್ತು!

ಆಮೇಲೆ ಈ ಹುಚ್ಚು ನನ್ನನ್ನು ಬಿಡಲಿಲ್ಲ. ಪಟ್ಟಿಯಲ್ಲಿ ಈಗ 70,000ಕ್ಕೂ ಹೆಚ್ಚು ಉಲ್ಕಾಶಿಲೆಗಳಿವೆ. ಬಹುಪಾಲು ಅಂಟಾರ್ಕ್ಟಿಕಾದ ಹಿಮದಲ್ಲಿ, ಸಹಾರಾದ ಮರಳಿನಲ್ಲಿ ಹೆಕ್ಕಿದವು. ಯಾವಾಗ ಬಿದ್ದವೋ ದೇವರೇ ಬಲ್ಲ. ಬೀಳುವುದನ್ನು ಜನ ಕಂಡು, ಕಲ್ಲೂ ಸಿಕ್ಕಿದ್ದು ಸುಮಾರು 1,200ಕ್ಕೆ ಸ್ವಲ್ಪ ಮೇಲೆ ಅಷ್ಟೇ. ವಿದೇಶಗಳಲ್ಲಿ ಇಂಥವನ್ನೇ ಹುಡುಕಿ ಕೂಡಿಡುವವರಿದ್ದಾರೆ. ಸ್ಟಾಂಪ್ ಸಂಗ್ರಹದ ಹಾಗೆ. ಉಗುರಿನಷ್ಟು ಚೂರು, ಅದರ ಜೊತೆ ಊರು, ತಾರೀಕು, ತೂಕ ಬರೆದ ಚೀಟಿ. 1992ರಲ್ಲಿ ಅಮೆರಿಕದ ಪೀಕ್‌ಸ್ಕಿಲ್ ಎಂಬಲ್ಲಿ ನಿಲ್ಲಿಸಿದ್ದ ಕಾರಿನ ಹಿಂಭಾಗ ತೂತು ಮಾಡಿದ ಕಲ್ಲಿದೆಯಲ್ಲ, ಆ ನುಜ್ಜುಗುಜ್ಜಾದ ಕಾರನ್ನೂ ದುಡ್ಡು ಕೊಟ್ಟು ಕೊಂಡರಂತೆ! ಚೀಟಿ ಕಳೆದರೆ ಕಲ್ಲಿನ ಬೆಲೆ ಬಿದ್ದು ಹೋಗುತ್ತದೆ. ಕಲ್ಲಿಗಿಂತ ಅದನ್ನು ಕಂಡವರ ಮಾತೇ ದೊಡ್ಡದು ಅಂತ ನನಗೆ ಹೊಳೆದದ್ದು ಆಗ.

ಈ ಮಾತನ್ನು ವಿಜ್ಞಾನಿಗಳೇ ಒಪ್ಪಲು ತಡವಾಯಿತು. ಆಕಾಶದಿಂದ ಕಲ್ಲು ಬಿತ್ತು ಅಂತ ರೈತರು ಹೇಳಿದರೆ ಯುರೋಪಿನ ಪಂಡಿತರಲ್ಲಿ ಅನೇಕರು ನಗುತ್ತಿದ್ದರು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಎಂಬ ಊರಿನ ಸುತ್ತ ಸುಮಾರು 3,000 ಕಲ್ಲುಗಳು ಉದುರಿದವು. ತನಿಖೆಗೆ ಹೋದವನು 29 ವರ್ಷದ ಬಿಯೋ. ಅವನು ಹಳ್ಳಿ ಹಳ್ಳಿ ಸುತ್ತಿ, ಕಂಡವರನ್ನೆಲ್ಲ ವಿಚಾರಿಸಿ, ಕಲ್ಲು ಬಿದ್ದ ಜಾಗಗಳನ್ನು ಗುರುತು ಮಾಡಿದ. ಅವನ ವರದಿ ಬಂದ ಮೇಲೆ ನಗು ನಿಂತಿತು.

ಬಿಯೋ ಹಳ್ಳಿಯವರ ಮಾತು ಕೇಳಿಸಿಕೊಂಡ. ಇನ್ನೂರು ವರ್ಷಗಳ ಮೇಲೆ ನಾನು ಏಳನೇ ತರಗತಿ ಹುಡುಗನ ಮಾತು ಕೇಳಲಿಲ್ಲ.

ಅಂದ ಹಾಗೆ ನಮ್ಮ ಕಲ್ಲಿನ ನೆಂಟರಿಷ್ಟರು ಸಾಮಾನ್ಯರಲ್ಲ. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಕಿಟಕಿ ಗಾಜುಗಳನ್ನೆಲ್ಲ ಪುಡಿ ಮಾಡಿದ್ದು ಇದೇ ಎಲ್ಎಲ್ ಪಂಗಡದ್ದು. ಜಪಾನಿನವರು ಹಯಾಬುಸ ನೌಕೆಯನ್ನು 2003ರಲ್ಲಿ ಹಾರಿಸಿ, ಏಳು ವರ್ಷ ಕಾದು, ಇಟೊಕಾವಾ ಎಂಬ ಕ್ಷುದ್ರಗ್ರಹದಿಂದ ಕಣ್ಣಿಗೂ ಕಾಣದಷ್ಟು ಸಣ್ಣ ಧೂಳಿನ ಕಣಗಳನ್ನು ತಂದರು. ಪರೀಕ್ಷಿಸಿದರೆ ಅದೂ ಎಲ್ಎಲ್ ಜಾತಿ! ಅವರು ಅಷ್ಟು ಕಷ್ಟಪಟ್ಟು ತಂದದ್ದರ ಜಾತಿಯದೇ ನಮ್ಮ ಶೂಲಗಿರಿಗೆ ಕ್ವಿಂಟಲ್ ಲೆಕ್ಕದಲ್ಲಿ ತಾನಾಗಿಯೇ ಬಂದು ಬಿದ್ದಿತ್ತು.

ಎರಡು ವರ್ಷದ ಹಿಂದೆ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗ ಸಿಕ್ಕಿದ. ಈಗ ಹುಡುಗನಲ್ಲ, ಕಂಪನಿಯೊಂದರಲ್ಲಿ ಕೆಲಸ, ಜೊತೆಗೆ ಪುಟ್ಟ ಮಗಳು. ಕಾಫಿ ಕುಡಿಯುತ್ತಾ ಕೇಳಿದೆ, "ಆ ಕಲ್ಲು ಏನು ಮಾಡಿದೆಯಪ್ಪಾ?"

"ಅದಾ ಸಾರ್? ನೀವು ಬಿಸಾಕು ಅಂದ್ರಲ್ಲ, ಬಾವಿಗೆ ಎಸೆದ್ಬುಟ್ಟೆ. ನಮ್ ಮಾವ ಬೈದ್ರು" ಅಂತ ನಕ್ಕ. ನನಗೆ ನಗು ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿ, "ತಪ್ಪಾಯ್ತು ಕಣೋ" ಅಂದೆ. "ಅಯ್ಯೋ ಬುಡಿ ಸಾರ್, ಅದು ಕಿಟ್ಟಾನೇ ಇರ್ಬೋದು" ಅಂತ ನನಗೇ ಸಮಾಧಾನ ಹೇಳಿದ. ಇರಬಹುದು. ಆದರೆ ತೀರ್ಪು ಕೊಡುವಷ್ಟು ನನಗೆ ಗೊತ್ತಿರಲಿಲ್ಲ ಎಂಬುದಂತೂ ನಿಜ.

ಈಗ ನಮ್ಮ ಶಾಲೆಯಲ್ಲಿ ಒಂದು ಉದ್ದನೆ ನೋಟ್ ಪುಸ್ತಕ ಇಟ್ಟಿದ್ದೇನೆ. ಮಕ್ಕಳು ಏನೇ ವಿಚಿತ್ರ ಕಂಡರೂ, ಕೇಳಿದರೂ ತಾರೀಕು, ಗಂಟೆ, ಯಾವ ದಿಕ್ಕು, ಯಾರು ಕಂಡರು ಅಂತ ಬರೆಯಬೇಕು. ಕನ್ನಡದಲ್ಲೇ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು ಆಡುವ ಮಕ್ಕಳು ಕಂಡದ್ದನ್ನು ಕನ್ನಡದಲ್ಲಿ ಬರೆಯುವುದನ್ನು ಕಲಿತ ಹಾಗೂ ಆಯಿತು. ಇದುವರೆಗೆ ಬಂದಿರುವುದು ಹೆಚ್ಚಾಗಿ ಹಾವು, ಆಲಿಕಲ್ಲು ಮತ್ತು ಒಂದು ದೆವ್ವ. ಇರಲಿ, ದೆವ್ವಕ್ಕೂ ತಾರೀಕು ಇದೆ!

ಗಡಿಯಾಚೆ ಈಚೆಯ ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮ ಕ್ಲಾಸಿಗೂ ಯಾರಾದರೂ ಕಪ್ಪು ಕಲ್ಲು ತಂದರೆ ಒಡೆಯಬೇಡಿ, ನೀರಲ್ಲಿ ತೊಳೆಯಬೇಡಿ. ಶುಭ್ರವಾದ ಕವರಿನಲ್ಲಿಟ್ಟು ತಹಶೀಲ್ದಾರರಿಗೋ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೋ ತಿಳಿಸಿ. ಅದಕ್ಕಿಂತ ಮೊದಲು ತಂದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ಸಿಕ್ತು, ಯಾವಾಗ, ಯಾರು ನೋಡಿದರು ಅಂತ ಪೂರ್ತಿ ಕೇಳಿ ಬರೆದುಕೊಳ್ಳಿ. ಅಯಸ್ಕಾಂತ ಆಮೇಲೆ ತೆಗೆದರಾಯಿತು.