ಸರಿದೂಗಿಸಿದ್ದೆಲ್ಲ ಸರಿಯಾದದ್ದಲ್ಲ

ಹೆಬ್ಬೂರಿನಲ್ಲಿ ನನ್ನ ಬೋಧನಾಭ್ಯಾಸದ ಮೂರನೆಯ ವಾರ. ಹತ್ತನೆಯ ತರಗತಿಗೆ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕದಲ್ಲಿ ದಹನದ ಪಾಠ. ಗಾಳಿ ಸಾಲದಿದ್ದರೆ ಜ್ವಾಲೆ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತದೆ ಎಂದು ಮಕ್ಕಳೇ ಹೇಳಿದರು. ಅಲ್ಲಿಂದ ಕಾರಿನ ಎಂಜಿನ್ನಿಗೆ ಹೋದೆ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಆ ಲೆಕ್ಕ ನೋಡಲು ಒಂದು ಕಂಪ್ಯೂಟರ್ ಇದೆ, ಭಾಗಗಳು ಹಳತಾದರೂ ಅದು ಸರಿಮಾಡಿಕೊಳ್ಳುತ್ತದೆ ಎಂದೆ. ಹಿಂದಿನ ಬೆಂಚಿನ ಹುಡುಗ ಎದ್ದ: “ಹಂಗಾದ್ರೆ ಗ್ಯಾರೇಜು ಯಾಕ್ ಬೇಕು ಮಿಸ್?” ತರಗತಿ ನಕ್ಕಿತು. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

ಸಂಜೆ ಕುಣಿಗಲ್ ರಸ್ತೆಯ ಗ್ಯಾರೇಜಿನಲ್ಲಿ ಹಳೆಯ ಕಾರೊಂದಕ್ಕೆ ಸ್ಕ್ಯಾನರ್ ಹಾಕಿದ್ದರು. “ನೋಡಿ ಮೇಡಂ, ಹದಿನೆಂಟು ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಬಿಡ್ತಾ ಐತೆ. ಓಡ್ಸೋರಿಗೆ ಗೊತ್ತೇ ಆಗಿಲ್ಲ” ಎಂದರು ಮೆಕ್ಯಾನಿಕ್.

ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್, ಉರಿದ ಮೇಲೆ ಎಷ್ಟು ಆಕ್ಸಿಜನ್ ಉಳಿಯಿತೆಂದು ಅಳೆಯುತ್ತದೆ. ಹೆಚ್ಚು ಉಳಿದರೆ ಪೆಟ್ರೋಲು ಸಾಲಲಿಲ್ಲ ಎಂದರ್ಥ. ಆಗ ಕಂಪ್ಯೂಟರ್ ಇಂಜೆಕ್ಟರನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ತುಸು ಹೆಚ್ಚು ಹೊತ್ತು ತೆರೆದಿಡುತ್ತದೆ. ಅದೇ ತಿದ್ದುಪಡಿ ಮತ್ತೆ ಮತ್ತೆ ಬೇಕಾದರೆ ನೆನಪಿನಲ್ಲಿ ಬರೆದುಕೊಂಡು, ಮುಂದಿನ ಸಲ ಅಲ್ಲಿಂದಲೇ ಶುರುಮಾಡುತ್ತದೆ. ದಣಿದ ಪಂಪು, ಕಟ್ಟಿಕೊಂಡ ಇಂಜೆಕ್ಟರ್ ಹೀಗೆ ಎಷ್ಟೋ ದಿನ ಮರೆಯಾಗಿರುತ್ತವೆ. ತಿದ್ದುಪಡಿ ಮಿತಿ ಮೀರಿದಾಗ ಮಾತ್ರ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಆ ಕಾರಿನಲ್ಲಿ ಗಾಳಿಯ ಹೋಸ್ ಬಿರುಕುಬಿಟ್ಟು, ಲೆಕ್ಕಕ್ಕೆ ಸಿಗದ ಗಾಳಿ ಒಳಹೋಗುತ್ತಿತ್ತು. ಕಂಪ್ಯೂಟರ್ ಅದಕ್ಕೆ ತಕ್ಕ ಪೆಟ್ರೋಲು ಕೊಟ್ಟಿತು. ಬಿರುಕು ಹಾಗೇ ಇತ್ತು.

ಮರುದಿನ ತರಗತಿಯಲ್ಲಿ, “ನಿನ್ನೆ ನಾನು ಹೇಳಿದ್ದು ತಪ್ಪು. ಅದು ರಿಪೇರಿ ಮಾಡುವುದಿಲ್ಲ, ಸರಿದೂಗಿಸುತ್ತದೆ” ಎಂದೆ. ಅದೇ ಹುಡುಗ, “ತಕ್ಕಡಿಗೆ ಕಲ್ಲು ಕಟ್ತಾರಲ್ಲ ಮಿಸ್, ಹಂಗೆ” ಎಂದ. ನನ್ನ ಪಾಠಯೋಜನೆಯಲ್ಲಿ ಅಷ್ಟು ಒಳ್ಳೆಯ ಉದಾಹರಣೆ ಇರಲಿಲ್ಲ.

ಆ ವಾರದ ಕೊನೆಗೆ ಘಟಕ ಪರೀಕ್ಷೆ. ಮೀಥೇನಿನ ದಹನದ ಸಮೀಕರಣವನ್ನು ಸರಿದೂಗಿಸಿ ಎಂಬ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಜಾಗ ಖಾಲಿ ಬಿಟ್ಟಿದ್ದರು. ತರಗತಿಯಲ್ಲಿ ಇವರೇ ಒಕ್ಕೊರಲಿನಿಂದ ಉತ್ತರಿಸಿದ್ದರು! ಅವಲೋಕನ ಪುಸ್ತಕ ತೆರೆದರೆ ಮೇಲ್ವಿಚಾರಕರು ಎರಡು ವಾರದ ಹಿಂದೆಯೇ ಬರೆದಿದ್ದರು: ‘ಉತ್ತರದ ಅರ್ಧ ನಿಮ್ಮ ಪ್ರಶ್ನೆಯಲ್ಲೇ ಇದೆ.’ ಮಕ್ಕಳು ತಡವರಿಸಿದಾಗಲೆಲ್ಲ ನಾನೊಂದು ಸುಳಿವು ಕೊಡುತ್ತಿದ್ದೆ. ಮರುದಿನ ಪಾಠವನ್ನು ಆ ಸುಳಿವಿನಿಂದಲೇ ಶುರುಮಾಡುತ್ತಿದ್ದೆ. ಪಾಠ ಓಡುತ್ತಿತ್ತು. O₂ ನಲ್ಲಿರುವ ಕೆಳಗಿನ 2 ಏನು ಹೇಳುತ್ತದೆ, ಅಣುವಿನ ಮುಂದೆ ಬರೆಯುವ 2 ಏನು ಹೇಳುತ್ತದೆ ಎಂಬುದೇ ಹಲವರಿಗೆ ಗೊತ್ತಿರಲಿಲ್ಲ.

ಸುಳಿವು ಕೊಡುವುದು ತಪ್ಪಲ್ಲ; ಎಷ್ಟು ಕೊಟ್ಟೆನೆಂದು ನೋಡದಿದ್ದದ್ದು ತಪ್ಪು. ಒಂದು ಅವಧಿ ಹಿಂದಕ್ಕೆ ಹೋಗಿ ಆ ಎರಡು ‘ಎರಡು’ಗಳನ್ನೇ ಕಲಿಸಿದೆ. ಆಮೇಲೆ ಪಾಠಯೋಜನೆಯ ಅಂಚಿನಲ್ಲಿ ಪ್ರತಿ ಪ್ರಶ್ನೆಗೂ ಕೊಟ್ಟ ಸುಳಿವಿನ ಸಂಖ್ಯೆ ಬರೆಯತೊಡಗಿದೆ.

ಬ್ಯಾಟರಿ ಬಿಚ್ಚಿದರೆ ಎಷ್ಟೋ ಕಾರುಗಳಲ್ಲಿ ಕಲಿತ ತಿದ್ದುಪಡಿಗಳು ಅಳಿಸಿಹೋಗಿ, ಎಂಜಿನ್ ಸ್ವಲ್ಪ ದಿನ ತಡವರಿಸುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದರು. ಬೋಧನಾಭ್ಯಾಸ ಮುಗಿಸಿ ನಾವು ಹೊರಡುವಾಗ ತರಗತಿಯಲ್ಲಿ ಆಗುವುದೂ ಅದೇ. ಹಾಗಾಗಿ ಕೊನೆಯ ದಿನ ಆ ಅಂಚಿನ ಲೆಕ್ಕವನ್ನೆಲ್ಲ ಒಂದು ಹಾಳೆಗೆ ಇಳಿಸಿ ಶಾಲೆಯ ವಿಜ್ಞಾನ ಶಿಕ್ಷಕರ ಕೈಗೆ ಕೊಟ್ಟು ಬಂದೆ.