ಹೊಸ್ತಿಲಿಗೆ ಕಾಲಂ ಇಲ್ಲ

ಪದ್ಯ ಬರೆದರೆ ಹೊಟ್ಟೆ ತುಂಬುವುದಿಲ್ಲ. ಹಾಗಾಗಿ ನಾವಿಬ್ಬರು, ನಮ್ಮ ಹೊಲಗೇರಿಯಿಂದ ಮೊದಲ ಸಲ ಡಿಗ್ರಿ ಮುಗಿಸಿದವರು, ಪಟ್ಟಣದ ಒಂದು ಸಂಸ್ಥೆಗೆ ಟಿಪ್ಪಣಿ ಸಹಿತ ಗ್ರಂಥಸೂಚಿ ಮಾಡಿಕೊಡುವ ಕೂಲಿ ಹಿಡಿದಿದ್ದೇವೆ. ವಿಷಯ: ನಾಯಕತ್ವ ಮತ್ತು ಆರೋಗ್ಯ ಕಾರ್ಯಕ್ರಮಗಳ ಮೌಲ್ಯಮಾಪನ. ಯಾರು ಬರೆದರು, ಯಾವ ವರ್ಷ, ಎಷ್ಟು ಜನರನ್ನು ಕೇಳಿದರು, ಏನು ಕಂಡರು, ಎಲ್ಲಿ ಎಡವಿದರು ಎಂದು ಒಂದೊಂದು ಲೇಖನಕ್ಕೂ ನೂರೈವತ್ತು ಪದದಲ್ಲಿ ಬರೆಯಬೇಕು. ಕೆಟ್ಟ ಕೆಲಸವೇನಲ್ಲ. ನಾಳೆ ಯೋಜನೆ ಮಾಡುವ ಸಾಹೇಬರು ಮೂಲ ಲೇಖನ ಓದುವುದಿಲ್ಲ, ನಮ್ಮ ನೂರೈವತ್ತು ಪದ ಓದುತ್ತಾರೆ. ಅಲ್ಲಿ ಬಿಟ್ಟದ್ದು ಬಿಟ್ಟೇಹೋಯಿತು.

ನಮ್ಮ ಕೈಗೆ ಬಂದ ಲೇಖನಗಳಲ್ಲಿ ನಾಯಕತ್ವ ಅಂದರೆ ಹೆಚ್ಚಾಗಿ ವೈದ್ಯಾಧಿಕಾರಿ, ಜಿಲ್ಲಾಧಿಕಾರಿ, ನಿರ್ದೇಶಕ. ಕುರ್ಚಿ ಇದ್ದವನು ನಾಯಕ. ನಡೆದು ಹೋಗುವವಳು 'ಕಾರ್ಯಕರ್ತೆ'.

1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಗಡ್‌ಚಿರೋಲಿಯ ಲೇಖನಕ್ಕೆ ನಾವು ಮೂರು ದಿನ ಕೂತೆವು. ಅಭಯ್ ಬಂಗ್, ರಾಣಿ ಬಂಗ್ ಮತ್ತು ಸಂಗಡಿಗರು 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ಕಲಿಸಿದರು. ಹುಟ್ಟಿದ ಮಗುವನ್ನು ಮನೆಯಲ್ಲೇ ನೋಡುವುದು, ತೂಗುವುದು, ನಂಜು ಏರಿದರೆ ಸೂಜಿಮದ್ದು ಕೊಡುವುದು. ಹೋಲಿಕೆಗೆ ಇಟ್ಟದ್ದು 47 ಹಳ್ಳಿ. ಮೂರನೆಯ ವರ್ಷಕ್ಕೆ, ಆ ಹಳ್ಳಿಗಳ ಲೆಕ್ಕಕ್ಕೆ ಹೋಲಿಸಿದರೆ, ಎಳೆಗೂಸುಗಳ ಸಾವು ಶೇಕಡ 62 ಇಳಿದಿತ್ತು. ಓದಿ ಮೈ ಜುಮ್ಮೆಂದಿತು. ದೊಡ್ಡ ಕೆಲಸ, ಸುಳ್ಳಲ್ಲ. ಲೇಖಕರ ಸಾಲಿನಲ್ಲಿ ಐದು ಹೆಸರಿವೆ. ಸೂಜಿ ಹಿಡಿದ ಹೆಂಗಸರ ಹೆಸರು ಆ ಸಾಲಿನಲ್ಲಿಲ್ಲ.

ಅದೇ ಅನುಭವದ ಬೆನ್ನಿಗೆ 2011ರಲ್ಲಿ ಸರಕಾರ ದೇಶದ ಆಶಾಗಳಿಗೆಲ್ಲ ಈ ಕೆಲಸ ಹಚ್ಚಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನದೊಳಗೆ ಆರು ಸಲ ಮನೆಗೆ ಹೋಗಬೇಕು. ಆಗ ಇಟ್ಟ ಪ್ರೋತ್ಸಾಹಧನ 250 ರೂಪಾಯಿ.

ನಮ್ಮ ಚಿಕ್ಕವ್ವ ಆಶಾ. ರಜೆಗೆ ಹೋದಾಗ ಈ ಲೇಖನದ ಮಾತು ತೆಗೆದೆವು. ಅವಳು ಸೊಪ್ಪು ಬಿಡಿಸುತ್ತಲೇ ಅಂದಳು:

"ಮೇಲ್ಕೇರಿಗೆ ಹೋದ್ರೆ ನಾನು ಹೊಸ್ತಿಲಾಚೆ ನಿಂತ್ಕಬೇಕು ಕಣ್ರಪ್ಪ. ಅತ್ತೆ ಮಗೀನ ಎತ್ಕಂಡು ಬಂದು ದೂರದಿಂದ ತೋರುಸ್ತಾಳೆ. ತಕ್ಕಡಿಗೆ ಹಾಕೋಳೂ ಅವಳೇ. ನಾನು ಮುಟ್ದಂಗೆ ಬರ್ಕತೀನಿ."

"ಪುಸ್ತಕದಲ್ಲಿ ಏನಂತ ಬರೀತಿ ಚಿಕ್ಕವ್ವ?"

"ಭೇಟಿ ಆಯ್ತು ಅಂತ. ಇನ್ನೇನು ಬರೀಲಿ? ಅದ್ಕೆ ಜಾಗ ಎಲ್ಲೈತೆ?"

ಮುಟ್ಟದೆ ಮಗುವಿನ ಮೈ ತಣ್ಣಗಿದೆಯೋ ಬಿಸಿಯಿದೆಯೋ ತಿಳಿಯುವುದು ಹೇಗೆ ಗೆಳೆಯರೆ? ಆರು ಭೇಟಿ, ಆರು ಗುರುತು. ಮೌಲ್ಯಮಾಪನದವರು ಗುರುತು ಎಣಿಸುತ್ತಾರೆ, ನೂರಕ್ಕೆ ನೂರು ಬರುತ್ತದೆ. ಒಮ್ಮೆ ಅವಳ ಮನೆಗೂ ಬಂದಿದ್ದರಂತೆ. ಮೂರು ಗಂಟೆ ಪ್ರಶ್ನೆ ಕೇಳಿದರು, ಜಾತಿಯೊಂದು ಬಿಟ್ಟು. "ನೀರು ಕುಡೀರಿ ಅಂದೆ. ಬ್ಯಾಗಿಂದ ಬಾಟ್ಲಿ ತೆಗ್ದು ತೋರುಸಿದ್ರು" ಅಂದು ಚಿಕ್ಕವ್ವ ನಕ್ಕಳು. ನಮಗೆ ನಗು ಬರಲಿಲ್ಲ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಮಿಕ್ಕಿದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಈ ನಾಯಕಿಯರು ತಿಂಗಳಿಗೆ 15,000 ರೂಪಾಯಿ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಚಿಕ್ಕವ್ವನೂ ಹೋಗಿದ್ದಳು, ಒಂದು ಕಂಬಳಿ ಹಿಡಿದು.

ಊರಿಂದ ಬಂದವರೇ ನಮ್ಮ ಪಟ್ಟಿಗೆ ಒಂದು ಕಾಲಂ ಸೇರಿಸಿದೆವು: 'ಇವರು ಏನನ್ನು ಕೇಳಲಿಲ್ಲ?' ಗಡ್‌ಚಿರೋಲಿಯ ಲೇಖನದ ಕೆಳಗೆ ಒಳ್ಳೆಯದನ್ನೆಲ್ಲ ಬರೆದು, ಈ ಕೆಲಸ ನಮ್ಮ ಊರಿಗೆ ಬಂದಾಗ ಹೊಸ್ತಿಲಲ್ಲಿ ನಿಂತಿತು, ಭೇಟಿಯ ಲೆಕ್ಕಕ್ಕೆ ಅದು ಸಿಕ್ಕುವುದಿಲ್ಲ ಎಂದೂ ಎರಡು ಸಾಲು ಹಾಕಿದೆವು. ಸಂಸ್ಥೆಯವರು ಕಾಲಂ ಕಿತ್ತುಹಾಕಿದರು. ನಮೂನೆಯಲ್ಲಿ ಇಲ್ಲವಂತೆ. ಆ ಟಿಪ್ಪಣಿ ನೂರೈವತ್ತು ಪದ ಮೀರಿದೆ, ಇಳಿಸಿ ಎಂದು ಕೆಂಪು ಗೆರೆ ಎಳೆದು ವಾಪಸ್ಸು ಕಳಿಸಿದರು. ಬೇರೆ ಸಾಲುಗಳನ್ನು ಹೊಡೆದುಹಾಕಿ ಇಳಿಸಿದ್ದೇವೆ. ಹೊಸ್ತಿಲಿನ ಎರಡು ಸಾಲು ಅಲ್ಲೇ ಇವೆ. ಕಳಿಸಿ ಹದಿನೈದು ದಿನವಾಯಿತು, ಈ ತಿಂಗಳ ಕೂಲಿ ಇನ್ನೂ ಬಂದಿಲ್ಲ.