ರಾಯರ ಮನೆಯ ತಂತಿ

ಮಲ್ಲೇಶ್ವರದ ರಾಯರು ಮನೆಗೆ ಫೈಬರ್ ಹಾಕಿಸಿದ್ದು ಮಗಳ ಮೇಲಿನ ಮಮತೆಯಿಂದ. ಟೊರಾಂಟೋದಲ್ಲಿದ್ದ ಆಕೆ ಏಳು ತಿಂಗಳ ಬಸುರಿ, ಸೀಮಂತಕ್ಕೆ ಬರುವಂತಿರಲಿಲ್ಲ. ದಿನಕ್ಕೊಮ್ಮೆ ಮುಖ ಕಂಡರೆ ಸಾಕೆಂದು ಮಂಡಿನೋವಿನಿಂದ ಹಿಂದಿನ ಕೋಣೆ ಬಿಟ್ಟೇಳದ ಮನೆಯಾಕೆಯ ಹಂಬಲ.

ಕಂಬದಿಂದ ಗಾಜಿನ ಎಳೆ ಬಂತು. ಎಂಥ ಎಳೆ! ಬೆಳಕು ಹರಿಯುವ ಅದರ ತಿರುಳು 9 ಮೈಕ್ರಾನ್. ತಲೆಗೂದಲು ಅದರ ಮುಂದೆ ಹಗ್ಗ. ಶುದ್ಧವಾದ ಗಾಜಿನಲ್ಲಿ ಬೆಳಕು ಬಹುದೂರ ಸಾಗಬಲ್ಲದೆಂದು ಚಾರ್ಲ್ಸ್ ಕಾವ್ ಅವರು ಜಾರ್ಜ್ ಹಾಕ್‌ಹ್ಯಾಮರೊಡನೆ 1966ರಲ್ಲಿ ತೋರಿಸಿಕೊಟ್ಟರು. ಕಾವ್ ಅವರಿಗೆ ನೊಬೆಲ್ ದೊರೆಯಲು 2009 ಬರಬೇಕಾಯಿತು. ತಂತಿ ಎಳೆಯಲು ಬಂದ ಹುಡುಗ ಇದೊಂದನ್ನೂ ಹೇಳಲಿಲ್ಲ. "ಮೂಲೆಯಲ್ಲಿ ಮಡಿಸಬೇಡಿ ಸಾರ್, ಬೆಳಕು ಸೋರುತ್ತದೆ" ಎಂದ. ಸೋರುವ ನಲ್ಲಿ ರಾಯರಿಗೆ ಗೊತ್ತಿತ್ತು. ಸೋರುವ ಬೆಳಕು ಹೊಸದು.

ಆದರೆ ಮನೆ ತಂದೆಯ ಕಾಲದ್ದು, ಗೋಡೆಗಳು ಒಂದೂವರೆ ಅಡಿ ದಪ್ಪ. ಹಜಾರದ ಪೆಟ್ಟಿಗೆಯಿಂದ ಹೊರಟ ವೈಫೈ ಹಿಂದಿನ ಕೋಣೆ ಮುಟ್ಟುವಷ್ಟರಲ್ಲಿ ಬಸವಳಿಯುತ್ತಿತ್ತು. ಅಲ್ಲಿಗೂ ಗಾಜನ್ನೇ ಎಳೆಸೋಣವೆಂದು ರಾಯರ ಉತ್ಸಾಹ. ಹುಡುಗ ನಕ್ಕ. "20 ಮೀಟರಿಗೆ ಅದೇಕೆ ಸಾರ್? ತಾಮ್ರದ ಕ್ಯಾಟ್ 6 ಕೇಬಲ್ ತನ್ನಿ. 100 ಮೀಟರಿನವರೆಗೂ ಗಿಗಾಬಿಟ್ ವೇಗ ತಡೆಯುತ್ತದೆ."

ಅಂಗಡಿಯಲ್ಲಿ ಒಂದೇ ಬಣ್ಣದ, ಒಂದೇ ಹೆಸರಿನ ಎರಡು ಸುರುಳಿಗಳಿದ್ದವು. ರಾಯರು ಅಗ್ಗದ್ದನ್ನು ತಂದರು. ಗೋಡೆಯೊಳಗೆ ಅಡಗುವ ವಸ್ತುವಿಗೆ ಹಣ ಸುರಿಯಲು ಯಾವ ಗೃಹಸ್ಥನಿಗೆ ಮನಸ್ಸು ಬರುತ್ತದೆ?

ಆ ರಾತ್ರಿ "ಅಮ್ಮಾ, ಡಾಕ್ಟರು ಇವತ್ತು..." ಎನ್ನುವಷ್ಟರಲ್ಲಿ ಮಗಳ ಮುಖ ಪರದೆಯ ಮೇಲೆ ಕಲ್ಲಾಯಿತು. ಫೋನು ಮಾಡಿದರೆ ಎತ್ತುವವರಿಲ್ಲ, ಕೆಲಸಕ್ಕೆ ಹೋಗಿರಬೇಕು. ಅಲುಗಾಡದ ಆ ಮುಖದ ಮುಂದೆ ತಾಯಿ ಬಹಳ ಹೊತ್ತು ಕುಳಿತೇ ಇದ್ದರು. ರಾಯರು ಮೊದಲು ಕಂಪನಿಯನ್ನು ಬೈದರು, ಆಮೇಲೆ ಕೆನಡಾವನ್ನು.

ಬೆಳಗ್ಗೆ ಬಂದ ಹುಡುಗ ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದ. ಮೇಲಿನ ಕೆಂಪು ಎದ್ದು ಒಳಗಿನ ಬಿಳುಪು ಕಂಡಿತು. "ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ತಾಮ್ರದ ಅರವತ್ತು ಪಾಲು ಶಕ್ತಿ ಇದಕ್ಕೆ. ಬಗ್ಗಿಸಿದ ಕಡೆ ಬೇಗ ಮುರಿಯುತ್ತದೆ, ನೋಡಿ." ಬ್ಯಾಂಕಿನಲ್ಲಿ ಮೂವತ್ತು ವರ್ಷ ಖೋಟಾ ನೋಟನ್ನು ಬೆರಳಿನಿಂದಲೇ ಹಿಡಿದ ರಾಯರು ಮಾತಾಡಲಿಲ್ಲ. ಚಪ್ಪಲಿ ಮೆಟ್ಟಿ ಅಂಗಡಿಗೆ ನಡೆದರು.

ಆ ರಾತ್ರಿ ಮುಖ ನಿಲ್ಲಲಿಲ್ಲ. ಡಾಕ್ಟರು ಹೇಳಿದ್ದು ಉಪ್ಪಿನಕಾಯಿ ಕಡಮೆ ಮಾಡಬೇಕೆಂದು, ಅಷ್ಟೆ.

"ರೀ, ಹೊಸ ತಂತಿಗೆ ಎಷ್ಟಾಯಿತು?"

"ಸ್ವಲ್ಪ ಹೆಚ್ಚಾಯಿತು" ಎಂದರು ರಾಯರು. ಹಳೆಯದರ ಮಾತೆತ್ತಲಿಲ್ಲ. ಅದು ಈಗ ಹಿತ್ತಿಲಲ್ಲಿ ಸೀಮೆಬದನೆಯ ಬಳ್ಳಿಗೆ ಆಸರೆಯಾಗಿದೆ.